ವರ ಕೊಡದ ಪೂಜಾರಿ

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಕರೆಂಟು ಹೋದ ಕೂಡಲೇ ಎಣಿಸಲು ಶುರು ಮಾಡುತ್ತಾರೆ. ಮೆಟ್ಟಿಲ ಮೇಲಿರಲಿ, ಸೈಕಲ್ ಮೇಲಿರಲಿ, ಊಟದ ತಟ್ಟೆಯ ಮುಂದಿರಲಿ, ಇದ್ದಲ್ಲಿಂದಲೇ ರಾಗವಾಗಿ ‘ಒಂದೂ, ಎರಡೂ, ಮೂರೂ...’ ನಾಲ್ಕಕ್ಕೆ ಹಿಂದಿನ ಶೆಡ್ಡಿನಲ್ಲಿ ಜನರೇಟರ್ ಒಮ್ಮೆ ಕೆಮ್ಮುತ್ತದೆ. ಏಳೆಂಟಕ್ಕೆ ಅದರ ದನಿ ಒಂದೇ ಶ್ರುತಿಗೆ ಬಂದು ನಿಲ್ಲುತ್ತದೆ. ಹನ್ನೊಂದಕ್ಕೆ ಎಲ್ಲೋ ‘ಟಕ್’ ಎಂದು ಸದ್ದಾಗಿ ಕಾರಿಡಾರಿನ ದೀಪಗಳು ಹತ್ತಿಕೊಳ್ಳುತ್ತವೆ. ಮಕ್ಕಳು ‘ಹೋ’ ಎಂದು ಕೂಗಿ ಬಿಟ್ಟ ಆಟಕ್ಕೆ ಮರಳುತ್ತಾರೆ.

ಮೇ ತಿಂಗಳ ಒಂದು ಸಂಜೆ, ಗುಡುಗು ಗಾಳಿಯ ಮಳೆ ಬಿದ್ದಾಗ, ಎಣಿಕೆ ಹನ್ನೊಂದಕ್ಕೆ ನಿಲ್ಲಲಿಲ್ಲ. ಹದಿನೈದು, ಇಪ್ಪತ್ತು, ನಲವತ್ತು. ಅರವತ್ತು ದಾಟಿದ ಮೇಲೆ ಮಕ್ಕಳಿಗೂ ಬೇಸರ ಬಂತು. ವಿಚಿತ್ರವೆಂದರೆ ಜನರೇಟರ್ ಶುರುವಾಗಿತ್ತು. ಶೆಡ್ಡಿನ ತಗಡು ನಡುಗುವಷ್ಟು ಜೋರಾಗಿ ಓಡುತ್ತಲೇ ಇತ್ತು. ಡೀಸೆಲ್ ಉರಿಯುತ್ತಿದೆ, ಹೊಗೆ ಬರುತ್ತಿದೆ, ಕರೆಂಟು ಮಾತ್ರ ಬರುತ್ತಿಲ್ಲ. ನಮ್ಮ ಸಂಘದ ಖಜಾಂಚಿ ಕತ್ತಲಲ್ಲೇ ಗಾದೆ ಹೇಳಿದರು: ‘ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅಂತಾರಲ್ಲ, ಇದೇ ಕಣ್ರೀ.’

ಅರ್ಧ ಗಂಟೆಯ ಮೇಲೆ ಬಂದ ಎಲೆಕ್ಟ್ರಿಷಿಯನ್ ಪ್ಯಾನೆಲ್ಲಿನ ಬಾಗಿಲು ತೆಗೆದು ಟಾರ್ಚು ಬಿಟ್ಟ. ‘ಗಾಡಿ ಸರಿ ಇದೆ ಸಾರ್. ಮೇನ್ಸ್ ಕಾಂಟ್ಯಾಕ್ಟರ್ ಅಂಟ್ಕೊಂಡಿದೆ. ಅದು ಬಿಡೋ ತನಕ ಜನರೇಟರ್ ಕಡೇದು ತಗೊಳಲ್ಲ.’ ‘ಹಂಗಾದ್ರೆ ಅದನ್ನ ಕೈಯಲ್ಲೇ ಒತ್ತಿಬಿಡಪ್ಪ’ ಎಂದರು ಖಜಾಂಚಿ. ಅವನು ಮಾತಾಡದೆ ಟಾರ್ಚನ್ನು ಬೀದಿಯ ಕಡೆ ತಿರುಗಿಸಿದ. ಮೂಲೆಯ ಕಂಬದ ಮೇಲೆ, ಜಿನುಗು ಮಳೆಯಲ್ಲಿ, ಲೈನ್‌ಮ್ಯಾನ್ ಒಬ್ಬರು ಹತ್ತಿ ನಿಂತಿದ್ದರು. ‘ಒತ್ತಿದ್ರೆ ನಮ್ಮ ಕರೆಂಟು ಅವರ ಕೈಗೆ ಹೋಗುತ್ತೆ ಸಾರ್’ ಎಂದ.

ಅಂದು ಪೂಜಾರಿ ವರ ಕೊಡದೇ ಇದ್ದದ್ದಕ್ಕೆ ಕಾರಣವಿತ್ತು. ಆ ಕಾರಣ ಏನೆಂದು ತಿಳಿದರೆ, ಕರೆಂಟು ಹೋದಾಗ ನಮ್ಮನ್ನು ಕಾಯುವ ಇಡೀ ಏರ್ಪಾಡು ಅರ್ಥವಾದಂತೆ. ಜನರೇಟರ್ ಎಷ್ಟು ಕೆವಿಎ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ನಾವೆಲ್ಲ ವಿಚಾರಿಸುತ್ತೇವೆ. ಇವೆರಡರ ನಡುವೆ ಬೂದು ಬಣ್ಣದ ಪೆಟ್ಟಿಗೆಯಲ್ಲಿ ಕೂತವನನ್ನು ಯಾರೂ ಕೇಳುವುದಿಲ್ಲ. ಅವನ ಹೆಸರು ಆಟೊಮ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್, ಚುಟುಕಾಗಿ ಎಟಿಎಸ್. ಜನರೇಟರನ್ನು ತಾನೇ ಎಬ್ಬಿಸುವ ಕೆಲಸವನ್ನೂ ಸೇರಿಸಿಕೊಂಡ ಪೆಟ್ಟಿಗೆಯನ್ನು ನಮ್ಮ ಕಡೆ ಎಎಂಎಫ್ ಪ್ಯಾನೆಲ್ ಎನ್ನುತ್ತಾರೆ.

ಹಳೆಯ ಅಕ್ಕಿ ಗಿರಣಿ, ಸಿನಿಮಾ ಟಾಕೀಸು, ಕಲ್ಯಾಣ ಮಂಟಪಗಳಲ್ಲಿ ಇದರ ಅಜ್ಜನನ್ನು ನೋಡಿದವರಿರಬಹುದು. ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲೊಂದು ದಪ್ಪ ಹಿಡಿ. ಮೇಲಕ್ಕೆತ್ತಿದರೆ ಲೈನಿನ ಕರೆಂಟು, ಕೆಳಕ್ಕಿಳಿಸಿದರೆ ಜನರೇಟರಿನದು, ನಡುವೆ ನಿಂತರೆ ಯಾವುದೂ ಇಲ್ಲ. ‘ಚೇಂಜ್ ಓವರ್’ ಎಂಬ ಆ ಹಿಡಿಯ ಜಾಣತನವೆಲ್ಲ ಆ ನಡುವಿನ ಜಾಗದಲ್ಲಿದೆ. ಮೇಲಿನಿಂದ ಕೆಳಕ್ಕೆ ಹೋಗಬೇಕಾದರೆ ಶೂನ್ಯವನ್ನು ದಾಟಲೇಬೇಕು, ಎರಡನ್ನೂ ಒಟ್ಟಿಗೆ ಹಿಡಿಯುವುದು ಹಿಡಿಗೆ ಸಾಧ್ಯವೇ ಇಲ್ಲ. ಎಟಿಎಸ್ ಎಂದರೆ ಇದೇ ಹಿಡಿ. ಅದನ್ನು ಎಳೆಯುವ ಕೈ ಮತ್ತು ಎಳೆಯುವ ಹೊತ್ತನ್ನು ಗೊತ್ತುಮಾಡುವ ತಲೆ ಒಳಗೇ ಸೇರಿಕೊಂಡಿವೆ ಅಷ್ಟೆ. ಕಾಂಟ್ಯಾಕ್ಟರುಗಳಿಂದ, ಅಂದರೆ ತಾವೇ ಮುಚ್ಚಿ ತೆರೆಯುವ ದಪ್ಪ ಸ್ವಿಚ್ಚುಗಳಿಂದ, ಮಾಡಿದ ಪ್ಯಾನೆಲ್‌ಗಳಲ್ಲಿ ಎರಡರ ನಡುವೆ ತಕ್ಕಡಿಯ ತೊಲೆಯಂಥ ಅಡ್ಡಪಟ್ಟಿ ಇರುತ್ತದೆ. ಒಂದು ಒಳಗೆ ಕೂತಿದ್ದರೆ ಇನ್ನೊಂದು ಕೂರಲಾಗದು. ಅದೇ ಇಂಟರ್‌ಲಾಕ್. ಅಂದು ನಮ್ಮ ಮೇನ್ಸ್ ಕಾಂಟ್ಯಾಕ್ಟರಿನ ತುದಿಗಳು ಕರಗಿ ಅಂಟಿಕೊಂಡಿದ್ದವು. ಇಂಟರ್‌ಲಾಕ್ ತನ್ನ ಧರ್ಮ ಬಿಡಲಿಲ್ಲ, ನಾವು ಕತ್ತಲಲ್ಲಿ ಕೂತೆವು.

ಎರಡು ಕರೆಂಟು ಸೇರಿದರೆ ಏನಾಗುತ್ತದೆ? ಎರಡು ಬಗೆಯ ಅನಾಹುತ. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 433ಕ್ಕೆ ಇಳಿಸಿ ಮನೆಗಳಿಗೆ ಕೊಡುತ್ತದೆ. ಅದಕ್ಕೆ ಹಿಂದುಮುಂದು ಗೊತ್ತಿಲ್ಲ. ಲೈನು ಸತ್ತಿರುವಾಗ ಮನೆಯ ಕಡೆಯಿಂದ ಜನರೇಟರಿನ ಕರೆಂಟು ಒಳಹೊಕ್ಕರೆ ಅದೇ ಟ್ರಾನ್ಸ್‌ಫಾರ್ಮರು ಅದನ್ನು ಅಷ್ಟೇ ಪಟ್ಟು ಏರಿಸಿ ಮೇಲಿನ ತಂತಿಗೆ ಕೊಡುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿಸಿಕೊಂಡು ಧೈರ್ಯವಾಗಿ ಕಂಬ ಹತ್ತಿದವನ ಕೈಗೆ ಸಿಕ್ಕುವುದು ಸಾವಿರಾರು ವೋಲ್ಟು. ಚಿಕ್ಕ ಜನರೇಟರ್ ತಂದು, ಎರಡು ಕಡೆ ಪಿನ್ ಇರುವ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಯನ್ನೆಲ್ಲ ಬೆಳಗಿಸುವ ಚಾಳಿ ಅಲ್ಲಲ್ಲಿ ಇದೆ. ಅದು ಇನ್ನೊಬ್ಬರ ಮನೆಯ ದೀಪ ಆರಿಸುವ ಕೆಲಸ.

ಎರಡನೆಯದು ತಾಳದ ಸಮಸ್ಯೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ದೇಶದ ಜಾಲಕ್ಕೆ ನೇರವಾಗಿ ಸೇರಿದ ವಿದ್ಯುತ್ ಕೇಂದ್ರಗಳ ಯಂತ್ರಗಳೆಲ್ಲ ಭಜನೆ ಮಂಡಳಿಯಂತೆ ಒಂದೇ ತಾಳಕ್ಕೆ ತಿರುಗುತ್ತವೆ. ಶೆಡ್ಡಿನ ಜನರೇಟರೂ ನಿಮಿಷಕ್ಕೆ 1500 ಸುತ್ತು ಹೊಡೆದು 50ನ್ನೇ ಕೊಡುತ್ತದೆ, ಆದರೆ ಅದು ಒಂಟಿ ಹಾಡುಗಾರ. ಜಾಲದ ತಾಳ ಏರಿರುವ ಗಳಿಗೆಯಲ್ಲಿ ಇದರದು ಇಳಿದಿರಬಹುದು. ಆಗ ಎರಡನ್ನೂ ಜೋಡಿಸಿದರೆ ಎದುರುಬದುರು ಓಡುವ ಎರಡು ಗಾಡಿಗಳನ್ನು ಸರಪಳಿಯಿಂದ ಬಿಗಿದಂತೆ. ಪೆಟ್ಟು ಚಿಕ್ಕ ಗಾಡಿಗೆ.

ಈ ತಾಳದ ಕಥೆಯಲ್ಲಿ ಕರ್ನಾಟಕಕ್ಕೊಂದು ಪಾತ್ರವಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ಜಾಲಗಳೂ ಜೊತೆಗೆ ಬಿದ್ದು 60 ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಾಯಿತು. ದಕ್ಷಿಣ ಮಾತ್ರ ಉಳಿಯಿತು. ಕಾರಣ, ಆಗ ದಕ್ಷಿಣದ ತಾಳವೇ ಬೇರೆ. ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನು 2013ರ ಡಿಸೆಂಬರ್ 31ರಂದು ಜೋಡಣೆಯಾದ ಮೇಲೆಯೇ ಇಡೀ ದೇಶ ಒಂದೇ ತಾಳಕ್ಕೆ ಬಂದದ್ದು. ಹಾಗಾದರೆ ಅದಕ್ಕೂ ಮೊದಲು ಒರಿಸ್ಸಾದ ತಾಲ್ಚೇರಿನ ಕರೆಂಟು ಕೋಲಾರಕ್ಕೆ ಬರುತ್ತಿದ್ದುದು ಹೇಗೆ? 2003ರಲ್ಲಿ ಶುರುವಾದ ಆ ಲೈನಿನಲ್ಲಿ ಹರಿಯುವುದು ಡಿಸಿ ಕರೆಂಟು. ತಾಲ್ಚೇರಿನಲ್ಲಿ ತಾಳವನ್ನು ಪೂರ್ತಿ ಕಳಚಿ, ನೇರ ಕರೆಂಟು ಮಾಡಿ, ಕೋಲಾರದಲ್ಲಿ ನಮ್ಮ ತಾಳಕ್ಕೆ ಹೊಸದಾಗಿ ಹೆಣೆಯುತ್ತಾರೆ. ತಾಳವೇ ಇಲ್ಲದ್ದಕ್ಕೆ ತಾಳ ತಪ್ಪುವ ಭಯವಿಲ್ಲ. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಗಳಿಗೆಯಲ್ಲಿ ಮತ್ತೆ ಬೇಕಾಗುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು ಒಂದು, ಇದು ಎರಡು. ವಿದ್ಯುತ್ ಚರಿತ್ರೆಯಲ್ಲಿ ಕೋಲಾರದ ಹೆಸರು ಎರಡು ಸಲ ಬರೆಯಬೇಕು.

ಈಗ ಮಕ್ಕಳ ಆ ಹನ್ನೊಂದು ಎಣಿಕೆಯನ್ನು ಬಿಡಿಸಿ ನೋಡೋಣ. ಮೊದಲ ಎರಡು ಮೂರು ಸೆಕೆಂಡು ಎಟಿಎಸ್ ಏನೂ ಮಾಡುವುದಿಲ್ಲ, ಸುಮ್ಮನೆ ಕಾಯುತ್ತದೆ. ಮರದ ಕೊಂಬೆ ತಂತಿಗೆ ತಾಗಿದರೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಬರುತ್ತದೆ. ಅಂಥದ್ದಕ್ಕೆಲ್ಲ ಡೀಸೆಲ್ ಎಂಜಿನ್ನನ್ನು ಎಬ್ಬಿಸಿದರೆ ದಿನಕ್ಕೆ ಇಪ್ಪತ್ತು ಸಲ ಎಬ್ಬಿಸಬೇಕಾದೀತು. ಪೂರ್ತಿ ಹೋಗಬೇಕೆಂದೂ ಇಲ್ಲ. ಮೂರರಲ್ಲಿ ಒಂದು ಫೇಸ್ ಹೋದರೂ, ವೋಲ್ಟೇಜು ಗೊತ್ತುಮಾಡಿದ ಗೆರೆಗಿಂತ ಕೆಳಗೆ ಜಾರಿದರೂ ಅದರ ಲೆಕ್ಕದಲ್ಲಿ ಕರೆಂಟು ಇಲ್ಲ. ಸಾಮಾನ್ಯವಾಗಿ ನೂರಕ್ಕೆ 85ರ ಆಸುಪಾಸಿನಲ್ಲಿ ಆ ಗೆರೆ ಎಳೆದಿರುತ್ತಾರೆ. ಕಾದರೂ ಬರಲಿಲ್ಲವೆಂದರೆ ಎಂಜಿನ್ನಿಗೆ ಕರೆ ಹೋಗುತ್ತದೆ. ಎಂಜಿನ್ ಹತ್ತಿಕೊಂಡು 1500 ಸುತ್ತಿಗೆ ಏರಲು ನಾಲ್ಕೈದು ಸೆಕೆಂಡು. ಅಲ್ಲಿಗೂ ಎಟಿಎಸ್ ನಂಬುವುದಿಲ್ಲ. ವೋಲ್ಟೇಜು ನಿಂತಿದೆಯೇ, ತಾಳ 50ರ ಹತ್ತಿರ ಬಂದಿದೆಯೇ ಎಂದು ನೋಡಿ, ಮೇನ್ಸನ್ನು ಬಿಟ್ಟು, ಶೂನ್ಯ ದಾಟಿ, ಜನರೇಟರನ್ನು ಹಿಡಿಯುತ್ತದೆ. ಆ ‘ಟಕ್’ ಅದೇ.

ಹನ್ನೊಂದು ಸೆಕೆಂಡು ನಮ್ಮ ಕಾರಿಡಾರಿಗೆ ಸಾಕು. ಅಮೆರಿಕದ ನಿಯಮಗಳಲ್ಲಿ ಆಸ್ಪತ್ರೆಯ ಜೀವರಕ್ಷಕ ವಿಭಾಗಗಳಿಗೆ 10 ಸೆಕೆಂಡಿನೊಳಗೆ ಜನರೇಟರ್ ಕರೆಂಟು ಮುಟ್ಟಬೇಕು. ಆದರೆ ಕಂಪ್ಯೂಟರಿಗೆ ಅಷ್ಟು ತಾಳ್ಮೆಯಿಲ್ಲ. ಅದರ ಪವರ್ ಸಪ್ಲೈ ಉಸಿರು ಹಿಡಿಯಬಲ್ಲದ್ದು ಸುಮಾರು 20 ಮಿಲಿಸೆಕೆಂಡು, ಅಂದರೆ ಕರೆಂಟಿನ ಒಂದೇ ಒಂದು ತೂಗಾಟದಷ್ಟು. ಹನ್ನೊಂದು ಸೆಕೆಂಡಿನಲ್ಲಿ ಅಂಥ 550 ತೂಗಾಟಗಳು ಕಳೆದಿರುತ್ತವೆ. ಬ್ಯಾಂಕಿನ ಸರ್ವರು, ಡಯಾಲಿಸಿಸ್ ಯಂತ್ರ, ಆಪರೇಷನ್ ಥಿಯೇಟರಿನ ದೀಪ, ವಿಮಾನ ನಿಲ್ದಾಣದ ರೇಡಾರು ಇವಕ್ಕೆಲ್ಲ ಆ ಸಂದನ್ನು ಮುಚ್ಚುವವರು ಬೇಕು. ಅದೇ ಯುಪಿಎಸ್ಸಿನ ಕೆಲಸ.

ಕರ್ನಾಟಕದಲ್ಲಿ ಮನೆಯ ಇನ್ವರ್ಟರಿಗೂ ಯುಪಿಎಸ್ ಎಂದೇ ಹೆಸರು. ಅದರ ಬೆನ್ನಲ್ಲಿ ಎರಡು ಮೋಡಿನ ಪುಟ್ಟ ಸ್ವಿಚ್ಚೊಂದು ಇರುವುದನ್ನು ಬಹಳ ಜನ ಗಮನಿಸಿರುವುದಿಲ್ಲ. ಒಂದರಲ್ಲಿ ಫ್ಯಾನು ಲೈಟಿಗೆ ಸಾಕಾಗುವಷ್ಟು ನಿಧಾನ. ಯುಪಿಎಸ್ ಮೋಡಿನಲ್ಲಿ ಕಂಪ್ಯೂಟರ್ ಆರದಷ್ಟು ಚುರುಕು. ಒಳಗಿರುವ ಪುಟ್ಟ ರಿಲೇ ಕೆಲವೇ ಮಿಲಿಸೆಕೆಂಡುಗಳಲ್ಲಿ ಲೈನನ್ನು ಬಿಟ್ಟು ಬ್ಯಾಟರಿಯ ಕಡೆ ಹಾರುತ್ತದೆ. ಅದೂ ಒಂದು ಟ್ರಾನ್ಸ್‌ಫರ್ ಸ್ವಿಚ್ಚೇ, ಅಂಗೈಯೊಳಗೆ ಹಿಡಿಯುವಷ್ಟು ಸಣ್ಣದು. ಆಸ್ಪತ್ರೆ, ಡೇಟಾ ಸೆಂಟರುಗಳ ದೊಡ್ಡ ಆನ್‌ಲೈನ್ ಯುಪಿಎಸ್ ಹಾರುವ ಗೋಜಿಗೇ ಹೋಗುವುದಿಲ್ಲ. ಅದು ಮಾಡುವುದು ಕೋಲಾರದ ಉಪಾಯ. ಬಂದ ಕರೆಂಟನ್ನೆಲ್ಲ ಸದಾ ಡಿಸಿ ಮಾಡುತ್ತದೆ, ಆ ಡಿಸಿಯಿಂದ ಹೊಸ ಎಸಿ ಹೆಣೆದು ಯಂತ್ರಕ್ಕೆ ಕೊಡುತ್ತದೆ. ಬ್ಯಾಟರಿ ಆ ಡಿಸಿಯ ಹಾದಿಯಲ್ಲೇ, ಹೊಳೆಯ ಪಕ್ಕದ ಕೆರೆಯಂತೆ, ಕೂತಿರುತ್ತದೆ. ಹೊಳೆ ಬತ್ತಿದರೆ ಕೆರೆಯ ನೀರು ತಾನಾಗಿ ಹರಿಯುತ್ತದೆ. ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ಕೆಲಸ ಹಂಚಿಕೆ ಹೀಗಿದೆ: ಬ್ಯಾಟರಿ ಹೊತ್ತು ಕೊಡುತ್ತದೆ, ಜನರೇಟರ್ ದಿನಗಟ್ಟಲೆ ಕರೆಂಟು ಕೊಡುತ್ತದೆ, ಯಾರು ಯಾವಾಗ ಎಂಬುದನ್ನು ಎಟಿಎಸ್ ನೋಡಿಕೊಳ್ಳುತ್ತದೆ. ಬ್ಯಾಟರಿ ಒಂದೇ ಇದ್ದರೆ ಹತ್ತು ನಿಮಿಷವೋ ಅರ್ಧ ಗಂಟೆಯೋ ಆದ ಮೇಲೆ ಕತ್ತಲೆ. ಜನರೇಟರ್ ಒಂದೇ ಇದ್ದರೆ ಹನ್ನೊಂದು ಸೆಕೆಂಡಿನ ಸಾವು. ಎರಡೂ ಇದ್ದು ನಡುವಿನವನು ಕೈಕೊಟ್ಟರೆ ನಮ್ಮ ಮೇ ತಿಂಗಳ ಸಂಜೆ.

ಈ ಮೂವರ ಸಂಸಾರದಲ್ಲಿ ಜಗಳಗಳೂ ಉಂಟು. ಕೆಲವು ಕಚೇರಿಗಳಲ್ಲಿ ಕೇಳಿರಬಹುದು: ಜನರೇಟರ್ ಓಡುತ್ತಿದೆ, ಆದರೂ ಯುಪಿಎಸ್ ‘ಕೀಂ ಕೀಂ’ ಎಂದು ಬ್ಯಾಟರಿಯಿಂದಲೇ ನಡೆಯುತ್ತಿದೆ. ಚಿಕ್ಕ ಜನರೇಟರಿಗೆ ಒಮ್ಮೆಲೇ ಹೊರೆ ಬಿದ್ದರೆ ಅದರ ಸುತ್ತು ಇಳಿಯುತ್ತದೆ, ತಾಳ ತಪ್ಪುತ್ತದೆ. ಮಡಿವಂತ ಯುಪಿಎಸ್ ಅಂಥ ಕರೆಂಟನ್ನು ಮುಟ್ಟದೆ ತಳ್ಳಿಬಿಡುತ್ತದೆ. ಹೊರೆ ಇಳಿದದ್ದೇ ಜನರೇಟರ್ ಚೇತರಿಸಿಕೊಳ್ಳುತ್ತದೆ, ಯುಪಿಎಸ್ ಮತ್ತೆ ಹಿಡಿಯುತ್ತದೆ, ಜನರೇಟರ್ ಮತ್ತೆ ತೊದಲುತ್ತದೆ. ಈ ಹಗ್ಗಜಗ್ಗಾಟದಲ್ಲಿ ಬ್ಯಾಟರಿ ಖಾಲಿಯಾಗುತ್ತದೆ. ಒಳ್ಳೆಯ ಯುಪಿಎಸ್ಸುಗಳು ಜನರೇಟರಿನ ಮೇಲೆ ಹೊರೆಯನ್ನು ಹತ್ತು ಹದಿನೈದು ಸೆಕೆಂಡುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಡುತ್ತವೆ. ಬ್ಯಾಟರಿ ತುಂಬಿಸಿಕೊಳ್ಳುವ ಹಸಿವನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ.

ಎಲ್ಲರೂ ಒಟ್ಟಿಗೆ ಎದ್ದರೆ ಏನಾಗುತ್ತದೆಂದು ನಮ್ಮ ರೈತರನ್ನು ಕೇಳಬೇಕು. ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರು ಎಟಿಎಸ್ಸಿನ ಹಳ್ಳಿಯ ನೆಂಟ. ರಾತ್ರಿ ಮೂರು ಫೇಸ್ ಬಂದ ಕೂಡಲೇ ಮೋಟರನ್ನು ತಾನೇ ಎಬ್ಬಿಸುತ್ತದೆ, ರೈತ ನಿದ್ದೆಗೆಟ್ಟು ಹಾವುಚೇಳಿನ ನಡುವೆ ಹೊಲಕ್ಕೆ ಹೋಗಬೇಕಿಲ್ಲ. ಆದರೆ ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಅಷ್ಟೂ ಮೋಟರುಗಳು ಒಂದೇ ಗಳಿಗೆಗೆ ಎದ್ದರೆ? ಎದ್ದೇಳುವಾಗ ಮೋಟರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ‘ಟಿಸಿ ಸುಟ್ಟೋಯ್ತು’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಈ ಸಾಮೂಹಿಕ ಎಚ್ಚರವಿರುತ್ತದೆ. ಅದಕ್ಕೇ ಒಳ್ಳೆಯ ಪ್ಯಾನೆಲ್ಲು ಸರತಿ ಹಾಕುತ್ತದೆ: ಮೊದಲು ತುರ್ತು ದೀಪ, ಆಮೇಲೆ ಲಿಫ್ಟು, ಕೊನೆಗೆ ನೀರಿನ ಪಂಪು.

ಮೋಟರಿನ ಇನ್ನೊಂದು ಗುಣವೆಂದರೆ ಕರೆಂಟು ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತಾ, ತನ್ನದೇ ತಾಳದಲ್ಲಿ ಒಂದಿಷ್ಟು ವೋಲ್ಟೇಜು ಹುಟ್ಟಿಸುತ್ತಿರುತ್ತದೆ. ಆಗಲೇ ಹೊಸ ಕರೆಂಟು ಕೊಟ್ಟರೆ ತಾಳಕ್ಕೆ ತಾಳ ಢಿಕ್ಕಿ ಹೊಡೆದು ಶಾಫ್ಟು ಮುರಿಯಲೂಬಹುದು. ದೊಡ್ಡ ಮೋಟರುಗಳಿರುವ ಕಡೆ ಎಟಿಎಸ್ ಶೂನ್ಯದಲ್ಲಿ ಬೇಕೆಂದೇ ಒಂದೆರಡು ಸೆಕೆಂಡು ನಿಲ್ಲುತ್ತದೆ. ಸರ್ವರಿಗೆ ಬೇಕಾದದ್ದು ವೇಗ, ಮೋಟರಿಗೆ ಬೇಕಾದದ್ದು ಸಾವಧಾನ.

ಲೈನಿನ ಕರೆಂಟು ಮರಳಿ ಬಂದಾಗಲೂ ಸಾವಧಾನವೇ. ಹೋದಾಗ ಮೂರು ಸೆಕೆಂಡು ಕಾದ ಎಟಿಎಸ್, ಬಂದಾಗ ಹಲವು ನಿಮಿಷ ಕಾಯುತ್ತದೆ. ಮಳೆಗಾಲದಲ್ಲಿ ಬಂದ ಕರೆಂಟು ಮತ್ತೆ ಹೋಗುವುದು ಯಾರಿಗೆ ಗೊತ್ತಿಲ್ಲ? ಹಿಂದಿರುಗುವಾಗಲೂ ಶೂನ್ಯ ದಾಟಲೇಬೇಕಾದ್ದರಿಂದ ದೀಪಗಳು ಇನ್ನೊಮ್ಮೆ ಮಿನುಗುತ್ತವೆ. ಅಂದರೆ ಒಂದು ಪವರ್ ಕಟ್ಟಿಗೆ ಎರಡು ಸಂದು, ಯುಪಿಎಸ್ ಎರಡು ಸಲ ಹೊರೆ ಹೊರಬೇಕು. ಅರ್ಧ ಖಾಲಿಯಾದ ಬ್ಯಾಟರಿ ಎರಡನೆಯ ಸಂದಿನಲ್ಲಿ ಕೈಕೊಟ್ಟು, ‘ಕರೆಂಟು ಬಂದ ಮೇಲೆ ಸರ್ವರ್ ಆಫ್ ಆಯ್ತು’ ಎಂಬ ವಿಚಿತ್ರ ದೂರು ಬರುವುದು ಹೀಗೆ.

ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುತ್ತೇವೆ. ಆದರೆ ದೋಣಿಯಿಂದ ದೋಣಿಗೆ ನೀರಿಗೆ ಬೀಳದೆ ದಾಟಬೇಕಾದರೆ ಒಂದು ಗಳಿಗೆ ಎರಡರಲ್ಲೂ ಕಾಲಿರಲೇಬೇಕು. ಹಾಗೆ ದಾಟುವ ಎಟಿಎಸ್ಸುಗಳೂ ಇವೆ. ಎರಡೂ ಮೂಲಗಳು ಜೀವಂತವಿದ್ದು, ಜನರೇಟರಿನ ತಾಳ ಜಾಲದ ತಾಳಕ್ಕೆ ಸರಿಹೊಂದಿದ ಕ್ಷಣ ನೋಡಿ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಎರಡನ್ನೂ ಹಿಡಿದು, ಒಂದನ್ನು ಬಿಡುತ್ತವೆ. ಇನ್ನೂ ಚುರುಕಾದದ್ದು ಬೇಕೆಂದರೆ ಹಿಡಿಯೂ ಇಲ್ಲ, ಟಕ್ಕೂ ಇಲ್ಲ, ಬರೀ ಥೈರಿಸ್ಟರು ಎಂಬ ಎಲೆಕ್ಟ್ರಾನಿಕ್ ಬಿಡಿಭಾಗಗಳ ಸ್ಟ್ಯಾಟಿಕ್ ಸ್ವಿಚ್ಚು. ನಾಲ್ಕೈದು ಮಿಲಿಸೆಕೆಂಡುಗಳಲ್ಲಿ ಅದು ಒಂದು ಮೂಲದಿಂದ ಇನ್ನೊಂದಕ್ಕೆ ದಾಟಿಬಿಡುತ್ತದೆ, ಕಂಪ್ಯೂಟರು ಹಿಡಿದ ಉಸಿರು ಬಿಡುವುದಕ್ಕೂ ಮೊದಲೇ.

ಇಷ್ಟೆಲ್ಲ ಇದ್ದರೂ ದೊಡ್ಡ ದೊಡ್ಡ ಕಡೆ ಕತ್ತಲಾಗುವುದೇಕೆ? 2016ರ ಆಗಸ್ಟ್ 8ರ ಬೆಳಗಿನ ಜಾವ ಅಟ್ಲಾಂಟಾದಲ್ಲಿ ಡೆಲ್ಟಾ ವಿಮಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರದ ವಿದ್ಯುತ್ ವ್ಯವಸ್ಥೆ ಕೆಟ್ಟಿತು. ಬದಲಿ ವಿದ್ಯುತ್ತೇನೋ ಇತ್ತು. ಆದರೆ ಸುಮಾರು 7,000 ಯಂತ್ರಗಳಲ್ಲಿ 300ರಷ್ಟಕ್ಕೆ ಅದರ ಹಾದಿಯ ಜೋಡಣೆ ಸರಿಯಾಗಿ ಆಗಿರಲಿಲ್ಲ. ಆ 300 ಆರಿದವು, ಅವನ್ನು ನೆಚ್ಚಿದ್ದ ಉಳಿದವು ಕೈಚೆಲ್ಲಿದವು. ಮೂರು ದಿನಗಳಲ್ಲಿ ರದ್ದಾದ ವಿಮಾನಗಳು ಸುಮಾರು 2,300.

ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ಮೂರು ಕಡೆಯಿಂದ ಕರೆಂಟು ಬರುತ್ತದೆ. 2025ರ ಮಾರ್ಚ್ 20ರ ರಾತ್ರಿ ಅದರಲ್ಲಿ ಒಂದಾದ ನಾರ್ತ್ ಹೈಡ್ ಸಬ್‌ಸ್ಟೇಷನ್ನಿಗೆ ಬೆಂಕಿ ಬಿತ್ತು. ರನ್‌ವೇ ದೀಪಗಳಂಥ ಸುರಕ್ಷತಾ ವ್ಯವಸ್ಥೆಗಳನ್ನು ಜನರೇಟರು, ಯುಪಿಎಸ್ಸುಗಳು ಕಾಪಾಡಿದವು. ಅವನ್ನು ಇರಿಸಿದ್ದು ಅಷ್ಟಕ್ಕೇ, ಇಡೀ ನಿಲ್ದಾಣ ನಡೆಸಲಿಕ್ಕಲ್ಲ. ಉಳಿದೆರಡು ಕಡೆ ಬೇಕಾದಷ್ಟು ಕರೆಂಟಿದ್ದರೂ, ಒಳಗಿನ ಜಾಲವನ್ನು ಆ ಕಡೆಗೆ ತಿರುಗಿಸಿಕೊಳ್ಳಲು ಹತ್ತು ಗಂಟೆಗೂ ಹೆಚ್ಚು ಹಿಡಿಯಿತು. ಮರುದಿನ ಸಂಜೆಯ ತನಕ ನಿಲ್ದಾಣ ಮುಚ್ಚಿತ್ತು. ನಮ್ಮ ಶೆಡ್ಡಿನ ಕಥೆಯೇ, ಅಳತೆ ದೊಡ್ಡದು.

ಎಲ್ಲಕ್ಕಿಂತ ಕಹಿ ಪಾಠ ಜಪಾನಿನದು. 2011ರ ಮಾರ್ಚ್ 11ರಂದು ಭೂಕಂಪವಾದಾಗ ಫುಕುಶಿಮಾ ದಾಯ್‌ಇಚಿ ಅಣುಸ್ಥಾವರದ ಹೊರಗಿನ ಲೈನುಗಳು ಹೋದವು. ಡೀಸೆಲ್ ಜನರೇಟರುಗಳು ಹೇಳಿದಂತೆ ಎದ್ದು ನಿಂತವು. ಮುಕ್ಕಾಲು ಗಂಟೆಯ ಮೇಲೆ ಸುನಾಮಿ ಬಂತು. ಜನರೇಟರುಗಳೆಲ್ಲ ಮುಳುಗಿದವು ಎಂದು ನಾವು ಓದಿದ್ದೇವೆ, ಅದು ಪೂರ್ತಿ ನಿಜವಲ್ಲ. 2 ಮತ್ತು 4ನೇ ಘಟಕಗಳ ತಲಾ ಒಂದು ಜನರೇಟರಿಗೆ ನೀರು ತಾಗಿರಲಿಲ್ಲ. ಆದರೆ ಅವುಗಳ ಕರೆಂಟನ್ನು ಹಂಚುವ ಸ್ವಿಚ್‌ಗೇರು ನೆಲಮಾಳಿಗೆಯಲ್ಲಿತ್ತು, ಅದು ಮುಳುಗಿತು. ದೇವರು ವರ ಕೊಟ್ಟಿದ್ದ, ಪೂಜಾರಿ ನೀರಿನಲ್ಲಿದ್ದ. 6ನೇ ಘಟಕದ ಒಂದು ಜನರೇಟರ್ ಮತ್ತು ಅದರ ಸ್ವಿಚ್‌ಗೇರು ಎರಡೂ ಉಳಿದದ್ದರಿಂದ 5 ಮತ್ತು 6ನೇ ಘಟಕಗಳು ಬಚಾವಾದವು. 3ನೇ ಘಟಕದ ಬ್ಯಾಟರಿಗಳು ನೆನೆಯದೆ ಉಳಿದು, ಅಲ್ಲಿನ ಕಾವನ್ನು 13ರ ಬೆಳಗಿನ ತನಕ ಹಿಡಿದಿಟ್ಟವು. ಬ್ಯಾಟರಿ ಹೊತ್ತು ಕೊಟ್ಟಿತು. ಆ ಹೊತ್ತಿನಲ್ಲಿ ಕರೆಂಟು ಬರುವ ಹಾದಿ ಮಾತ್ರ ತೆರೆಯಲಿಲ್ಲ. ಜನರೇಟರ್ ಹೊತ್ತ ಲಾರಿಗಳು ಬಂದರೂ, ಬದುಕುಳಿದ ಒಂದು ಪ್ಯಾನೆಲ್ಲಿನ ತನಕ ಭಾರದ ಕೇಬಲ್ಲನ್ನು ಜನ ಕೈಯಲ್ಲೇ ಎಳೆದು ಹಾಸಿದರು. ಜೋಡಿಸಿ ಮುಗಿಸುವ ಹೊತ್ತಿಗೆ 1ನೇ ಘಟಕ ಸಿಡಿದು ಕೇಬಲ್ಲು ಹಾಳಾಯಿತು. ಮೂರು ಘಟಕಗಳ ಒಡಲು ಕರಗಿತು.

ಇನ್ನೂರು ಮನೆಗಳ ಅಪಾರ್ಟ್‌ಮೆಂಟಿಗೆ ಇಷ್ಟು ದೊಡ್ಡ ಭಯ ಬೇಕಿಲ್ಲ. ಆದರೆ ಅದೇ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳಬಹುದು. ಮಳೆ ಬಂದರೆ ನೀರು ನುಗ್ಗುವ ಬೇಸ್‌ಮೆಂಟಿನಲ್ಲಿ ಪ್ಯಾನೆಲ್ಲು ಇಟ್ಟಿಲ್ಲವೇ? ಎಟಿಎಸ್ ಕೆಟ್ಟರೆ ಅದನ್ನು ದಾಟಿಸಿ, ಇಂಟರ್‌ಲಾಕ್ ಮುರಿಯದೆ, ಕೈಯಿಂದ ಕರೆಂಟು ಕೊಡುವ ಬೈಪಾಸ್ ಇದೆಯೇ? ಸರ್ವಿಸಿಗೆ ಬಂದವರು ಕೀಲಿಯನ್ನು ‘ಮ್ಯಾನ್ಯುಯಲ್’ನಲ್ಲಿ ಬಿಟ್ಟು ಹೋಗಿಲ್ಲವೇ? ಈ ಕೊನೆಯದು ಬಹಳ ಸಾಮಾನ್ಯ.

ಈಚೆಗೆ ಮೂರನೆಯ ಮೂಲವೂ ತಾರಸಿ ಹತ್ತಿದೆ. ಸೋಲಾರ್ ಹಾಕಿಸಿದವರ ಮೊದಲ ಆಶ್ಚರ್ಯ ಏನೆಂದರೆ, ಉರಿಬಿಸಿಲಿನ ಮಧ್ಯಾಹ್ನವೂ ಲೈನಿನ ಕರೆಂಟು ಹೋದರೆ ಮನೆಯ ಸೋಲಾರೂ ನಿಂತುಬಿಡುತ್ತದೆ. ಕೆಟ್ಟದ್ದರಿಂದಲ್ಲ, ಹಾಗೆಯೇ ಮಾಡಿರುತ್ತಾರೆ. ಜಾಲಕ್ಕೆ ಜೋಡಿಸಿದ ಇನ್ವರ್ಟರು ಜಾಲದ ತಾಳ ಕೇಳಿಸದಿದ್ದರೆ ಬಾಯಿ ಮುಚ್ಚಬೇಕೆಂಬುದು ನಿಯಮ. ಇಲ್ಲದಿದ್ದರೆ ಬೀದಿಯ ಹತ್ತು ತಾರಸಿಗಳು ಸೇರಿ ಸತ್ತ ತಂತಿಗೆ ಜೀವ ತುಂಬಿಯಾವು. ಕಂಬದ ಮೇಲಿನ ಮನುಷ್ಯನ ಸಲುವಾಗಿಯೇ ಇದೂ. ಕರೆಂಟು ಹೋದಾಗಲೂ ಬಿಸಿಲನ್ನು ಬಳಸಬೇಕೆಂದರೆ ಬ್ಯಾಟರಿಯೂ, ಮನೆಯನ್ನು ಬೀದಿಯಿಂದ ಪೂರ್ತಿ ಕಡಿದು ನಿಲ್ಲಿಸುವ ಸ್ವಿಚ್ಚೂ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು. ತಿರುಗಿ ತಿರುಗಿ ಬಂದು ನಿಲ್ಲುವುದು ಅದೇ ಪೂಜಾರಿಯ ಬಾಗಿಲಿಗೆ.

ಅಮೆರಿಕದ ನಿಯಮದ ಪ್ರಕಾರ ತುರ್ತು ಜನರೇಟರನ್ನು ತಿಂಗಳಿಗೊಮ್ಮೆ, ಅದರ ಶಕ್ತಿಯ ನೂರಕ್ಕೆ 30ರಷ್ಟಾದರೂ ಹೊರೆ ಹಾಕಿ, ಅರ್ಧ ಗಂಟೆ ಓಡಿಸಬೇಕು. ಎಟಿಎಸ್ಸನ್ನೂ ತಿಂಗಳಿಗೊಮ್ಮೆ ಆಚೀಚೆ ಮಾಡಿಸಬೇಕು. ನಾವು ವರ್ಷಗಟ್ಟಲೆ ಮಾಡುತ್ತಿದ್ದುದು ಬರೀ ಎಂಜಿನ್ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಆಫ್ ಮಾಡುವುದು. ಅದು ದೇವರಿಗೆ ಮಾತ್ರ ಪರೀಕ್ಷೆ, ಪೂಜಾರಿಗಲ್ಲ. ಮನೆ ಹೊತ್ತಿಕೊಂಡಾಗ ಬಾವಿ ತೋಡಿದರೇನು ಬಂತು ಎಂದು ಸಂಘದ ಸಭೆಯಲ್ಲಿ ಗಾದೆ ಹೇಳಿದವರು ಈ ಸಲವೂ ಖಜಾಂಚಿಯೇ. ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಎಲ್ಲರಿಗೂ ತಿಳಿಸಿ, ಲಿಫ್ಟು ಖಾಲಿ ಮಾಡಿಸಿ, ಎಲೆಕ್ಟ್ರಿಷಿಯನ್ ಮೇನ್ಸಿನ ಹಿಡಿಯನ್ನು ನಿಜವಾಗಿಯೇ ಇಳಿಸುತ್ತಾನೆ.

ಎಣಿಸುವ ಕೆಲಸ ಮಕ್ಕಳದೇ. ಎಣಿಕೆಯನ್ನು ಪ್ಯಾನೆಲ್ಲಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಾರೆ. 11, 11, 12, 11 ಎಂದಿದ್ದ ಸಾಲಿನಲ್ಲಿ ಒಂದು ತಿಂಗಳು 15 ಬಂತು. ಮಕ್ಕಳು ‘ಲೇಟು, ಲೇಟು’ ಎಂದು ಕೂಗಿದರು. ಎಲೆಕ್ಟ್ರಿಷಿಯನ್ ಮಾತ್ರ ನಗದೆ ಜನರೇಟರಿನ ಸ್ಟಾರ್ಟಿಂಗ್ ಬ್ಯಾಟರಿಗೆ ಮೀಟರು ಹಿಡಿದು ನೋಡಿದ. ಅದು ಸಾಯುತ್ತಾ ಇತ್ತು. ಹೊಸ ಬ್ಯಾಟರಿ ಬಂದ ಮೇಲೆ ಮತ್ತೆ 11.